ಹರಕೆಯ ಮಗುವಿಗೆ ಆರೋಗ್ಯದ ಆಸರೆ
ತಾಯಿ-ಮಗುವಿನ ಪ್ರಾಥಮಿಕ ಆರೋಗ್ಯ ಸೇವೆ: ಏನು ದೊರೆಯುತ್ತದೆ, ಎಲ್ಲಿ ದೊರೆಯುತ್ತದೆ, ಕೊಂಡಿ ಎಲ್ಲಿ ಕಳಚುತ್ತದೆ

ಗೌರಿಬಿದನೂರಿನಿಂದ ಆರೇಳು ಕಿಲೋಮೀಟರ್ ದೂರದಲ್ಲಿ, ಉತ್ತರ ಪಿನಾಕಿನಿಯ ದಂಡೆಯ ಮೇಲೆ, ವಿದುರಾಶ್ವತ್ಥವಿದೆ. ಈ ಊರಿನ ಹೆಸರನ್ನು ನೀವು ಎರಡು ಕಾರಣಗಳಿಗಾಗಿ ಕೇಳಿರುತ್ತೀರಿ. ಮೊದಲನೆಯದು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಇಲ್ಲಿ ನಡೆದ ಗೋಲಿಬಾರು. ಎರಡನೆಯದು, ವಿದುರನೇ ನೆಟ್ಟನೆಂದು ನಂಬಲಾದ ಅಶ್ವತ್ಥ ವೃಕ್ಷ ಮತ್ತು ಅದರ ಸುತ್ತ ಸಾಲುಸಾಲಾಗಿ ನಿಂತಿರುವ ನಾಗರ ಕಲ್ಲುಗಳು. ಆ ಹಳೆಯ ಮರ 2001ರಲ್ಲಿ ಉರುಳಿತು. ಕಲ್ಲುಗಳು ಉಳಿದಿವೆ, ಹರಕೆಯೂ ಉಳಿದಿದೆ. ಮಕ್ಕಳಾಗಲೆಂದು ಹರಸಿಕೊಂಡ ದಂಪತಿಗಳು ಕರ್ನಾಟಕದಿಂದಲೂ ನೆರೆಯ ಆಂಧ್ರದಿಂದಲೂ ಬಂದು ಇಲ್ಲಿ ನಾಗಪ್ರತಿಷ್ಠೆ ಮಾಡಿಸುತ್ತಾರೆ. ಅಲ್ಲಿರುವ ಸಾವಿರಾರು ಕಲ್ಲುಗಳಲ್ಲಿ ಬಹಳಷ್ಟರ ಹಿಂದೆ ಮಗುವನ್ನು ಬಯಸಿದ ಒಂದು ಕುಟುಂಬದ ಕಥೆಯಿದೆ.

ಇಷ್ಟು ಆಸೆಯಿಂದ ಬೇಡಿ ಪಡೆದ ಮಗು ಉಳಿಯಬೇಕು; ಅದನ್ನು ಹೆತ್ತ ತಾಯಿಯೂ ಉಳಿಯಬೇಕು. ಇದಕ್ಕೆ ದೇವರ ದಯೆಯ ಜೊತೆಗೆ ಮನುಷ್ಯ ಮಾಡಬೇಕಾದ ಏರ್ಪಾಡೂ ಇದೆ. ಆ ಏರ್ಪಾಡಿಗೆ ಪ್ರಾಥಮಿಕ ಆರೋಗ್ಯ ಸೇವೆ ಎಂದು ಹೆಸರು. ಕಿರುತೆರೆಯ ಮೇಲೆ ಇಂತಹ ವಿಷಯದ ಮಾತುಕತೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಮನೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡಲು ಅನುಕೂಲವಾಗಲೆಂದು ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಇಂದು ನಿನ್ನೆಯದಲ್ಲ

ತಾಯಿ-ಮಗುವಿನ ಆರೋಗ್ಯ ಸರ್ಕಾರದ ಹೊಣೆ ಎಂಬ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. 1935ರಲ್ಲಿ ಬೆಂಗಳೂರಿನಲ್ಲಿ ಹೆಂಗಸರು ಮತ್ತು ಮಕ್ಕಳಿಗೆಂದೇ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ಮರುವರ್ಷ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮೀಣ ಆರೋಗ್ಯ ಘಟಕವೊಂದು ಸ್ಥಾಪನೆಯಾಯಿತು. ರೋಗ ಬಂದ ಮೇಲೆ ಔಷಧಿ ಕೊಡುವುದಷ್ಟೇ ಅಲ್ಲ, ರೋಗ ಬಾರದಂತೆ ಹಳ್ಳಿಯಲ್ಲಿಯೇ ಕೆಲಸ ಮಾಡಬೇಕು ಎಂಬುದು ಅದರ ತಿರುಳಾಗಿತ್ತು. 1946ರಲ್ಲಿ ಭೋರ್ ಸಮಿತಿ ಇಡೀ ದೇಶಕ್ಕೆ ಇದನ್ನೇ ಶಿಫಾರಸು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆ ದೇಶದಾದ್ಯಂತ ಹರಡಿದ್ದು ಆ ವರದಿಯಿಂದ.

ಆಮೇಲಿನ ಹೆಜ್ಜೆಗಳನ್ನು ಬೇಗ ಹೇಳಿಬಿಡಬಹುದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ ಅಂಗನವಾಡಿಗಳು ಬಂದವು. ನಮ್ಮ ರಾಜ್ಯದಲ್ಲಿ ಮೊದಲು ಆರಿಸಿಕೊಂಡದ್ದು ಟಿ. ನರಸೀಪುರವನ್ನು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ, 1992ರಲ್ಲಿ ಶಿಶು ಉಳಿವು ಮತ್ತು ಸುರಕ್ಷಿತ ತಾಯ್ತನ ಕಾರ್ಯಕ್ರಮ, 1995ರಲ್ಲಿ ಪಲ್ಸ್ ಪೋಲಿಯೊ, 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಒಂದರ ಹಿಂದೊಂದು ಬಂದವು. ಆಶಾ ಕಾರ್ಯಕರ್ತೆಯರು ಬಂದದ್ದು ಈ ಕೊನೆಯ ಅಭಿಯಾನದ ಮೂಲಕ. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡತೊಡಗಿತು. 2014ರಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಿತವಾಯಿತು.

ಅಂಕಿಗಳು ಹೇಳುವ ಮಾತು

ಇಷ್ಟೆಲ್ಲ ಕಾರ್ಯಕ್ರಮಗಳಿಂದ ಆದದ್ದೇನು ಎಂದು ನೀವು ಕೇಳಬಹುದು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುದು ಸುಮಾರು 38 ಮಾತ್ರ. 2019-21ರ ಸಮೀಕ್ಷೆಯಲ್ಲಿ ಅದು 97. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001-03ರ ಅವಧಿಯಲ್ಲಿ 228 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು.

ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ 2018-20ರ ಅವಧಿಯಲ್ಲಿ ಕೇರಳದ ಅಂಕಿ 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದಿದ್ದೆವು. ಇನ್ನೊಂದು ಅಂಕಿಯೂ ಯೋಚಿಸುವಂತೆ ಮಾಡುತ್ತದೆ. ರಾಜ್ಯದ ಗರ್ಭಿಣಿಯರಲ್ಲಿ ರಕ್ತಹೀನತೆ ಇರುವವರು 2015-16ರಲ್ಲಿ ನೂರಕ್ಕೆ 45 ಇದ್ದರು. 2019-21ರಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ಹೆರಿಗೆ ಆಸ್ಪತ್ರೆಗೆ ಬಂತು; ಹೆರಿಗೆಗೆ ಮೊದಲಿನ ಒಂಬತ್ತು ತಿಂಗಳ ಪೋಷಣೆ ಅದೇ ವೇಗದಲ್ಲಿ ಸುಧಾರಿಸಲಿಲ್ಲ ಎಂಬುದೇ ಇದರ ಅರ್ಥ.

ಮೆಟ್ಟಿಲು ಮೆಟ್ಟಿಲಾದ ವ್ಯವಸ್ಥೆ

ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ಒಂದು ಏಣಿಗೆ ಹೋಲಿಸಬಹುದು. ಕೆಳಗಿನ ಮೆಟ್ಟಿಲು ನಿಮ್ಮ ಊರಿನಲ್ಲಿಯೇ ಇದೆ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆ, ಜೊತೆಗೆ ಅಂಗನವಾಡಿ. ಅದರ ಮೇಲೆ ಬಯಲುಸೀಮೆಯಲ್ಲಿ ಐದು ಸಾವಿರ ಜನರಿಗೆ ಒಂದರಂತೆ ಉಪಕೇಂದ್ರ; ಹಳ್ಳಿಯವರು 'ನರ್ಸಮ್ಮ' ಎಂದು ಕರೆಯುವ ಮಹಿಳಾ ಆರೋಗ್ಯ ಸಹಾಯಕಿ ಇರುವುದು ಇಲ್ಲಿ. ಮೂವತ್ತು ಸಾವಿರ ಜನರಿಗೆ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಉಪಕೇಂದ್ರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಕಂಡರೆ ಗೊಂದಲ ಬೇಡ. ಅದು ಅದೇ ಕೇಂದ್ರಕ್ಕೆ ಬಂದ ಹೊಸ ಹೆಸರು.

ಎಲ್ಲ ಮೆಟ್ಟಿಲಿನಲ್ಲೂ ಎಲ್ಲ ಸೇವೆ ಇರುವುದಿಲ್ಲ. ಸರಳ ಹೆರಿಗೆಗೆ ಪ್ರಾಥಮಿಕ ಕೇಂದ್ರ ಸಾಕು. ಸಿಸೇರಿಯನ್ ಆಗಬೇಕಾದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು ಮತ್ತು ರಕ್ತ ಮೂರೂ ಒಂದೇ ಕಡೆ ಬೇಕು. ವಿದುರಾಶ್ವತ್ಥದ ಸುತ್ತಿನವರಿಗೆ ಗೌರಿಬಿದನೂರಿನ ತಾಲೂಕು ಆಸ್ಪತ್ರೆ, ಅದಕ್ಕೂ ಮೀರಿದರೆ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ, ಇನ್ನೂ ಕಠಿಣವಾದರೆ ಸುಮಾರು 75 ಕಿಲೋಮೀಟರ್ ದೂರದ ಬೆಂಗಳೂರು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರಿಗೆ ಜಿಲ್ಲಾ ಕೇಂದ್ರವೆಂದರೆ ಕೋಲಾರವಾಗಿತ್ತು ಎಂಬುದನ್ನು ನೆನೆದರೆ, ಈ ದೂರ ಎಷ್ಟು ಕಡಿಮೆಯಾಗಿದೆ ಎಂಬುದು ತಿಳಿಯುತ್ತದೆ.

ಮೂರು ವಿಳಂಬಗಳು

ಹೆರಿಗೆಯ ಸಮಯದಲ್ಲಿ ತಾಯಿ ಸಾಯುವುದೇಕೆ? ವೈದ್ಯರು ಹೇಳುವ ಮುಖ್ಯ ಕಾರಣಗಳು ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು ಮತ್ತು ಮಗು ಅಡ್ಡ ಸಿಕ್ಕಿಕೊಳ್ಳುವುದು. ಆದರೆ ಇವೆಲ್ಲಕ್ಕೂ ಚಿಕಿತ್ಸೆ ಇದೆ. ಚಿಕಿತ್ಸೆ ಇದ್ದೂ ಸಾವೇಕೆ ಎಂಬ ಪ್ರಶ್ನೆಗೆ ಥ್ಯಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಕೊಟ್ಟ ಉತ್ತರ ಇಂದಿಗೂ ಆರೋಗ್ಯ ಇಲಾಖೆಗಳಿಗೆ ದಾರಿದೀಪವಾಗಿದೆ. ಅವರು ಗುರುತಿಸಿದ್ದು ಮೂರು ವಿಳಂಬಗಳನ್ನು.

ಮೊದಲನೆಯದು, ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವಲ್ಲಿನ ವಿಳಂಬ. 'ಅವರಪ್ಪ ಬರಲಿ', 'ಅತ್ತೆಯವರು ಹೇಳಲಿ', 'ಅಮಾವಾಸ್ಯೆ ಕಳೆಯಲಿ' ಎಂದು ಗಂಟೆಗಳು ಕಳೆದುಹೋಗುತ್ತವೆ. ಎರಡನೆಯದು, ಆಸ್ಪತ್ರೆ ತಲಪುವಲ್ಲಿನ ವಿಳಂಬ: ವಾಹನವಿಲ್ಲ, ಹಣವಿಲ್ಲ, ದಾರಿ ಸರಿಯಿಲ್ಲ. ಮೂರನೆಯದು, ಆಸ್ಪತ್ರೆ ತಲಪಿದ ಮೇಲೂ ತಕ್ಕ ಚಿಕಿತ್ಸೆ ದೊರೆಯುವಲ್ಲಿನ ವಿಳಂಬ: ವೈದ್ಯರಿಲ್ಲ, ರಕ್ತವಿಲ್ಲ, 'ಇಲ್ಲಿ ಆಗುವುದಿಲ್ಲ, ಮುಂದಕ್ಕೆ ಹೋಗಿ'.

ಈ ವಿಳಂಬಗಳ ಬೆಲೆ ಎಷ್ಟೆಂದು ತಿಳಿಯಲು ರಕ್ತಸ್ರಾವವೊಂದನ್ನೇ ನೋಡಿ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗಬೇಕು. ಹಾಗೆ ಕುಗ್ಗಿದಾಗಲೇ ತೆರೆದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಕುಗ್ಗದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ, ಎರಡು ಮೂರು ಗಂಟೆಯೊಳಗೆ ಪ್ರಾಣಕ್ಕೇ ಬರಬಹುದು. ಇದನ್ನು ತಡೆಯಲು ಮಗು ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಕೊಡುತ್ತಾರೆ. ಇದನ್ನು ತಂಪಿನಲ್ಲಿ ಕಾಪಾಡದಿದ್ದರೆ ಅದರ ಶಕ್ತಿ ಕುಂದುತ್ತದೆ. ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕರೆಂಟು ಮತ್ತು ಫ್ರಿಜ್ ಸರಿಯಾಗಿರುವುದಕ್ಕೂ ಒಬ್ಬ ತಾಯಿಯ ಜೀವಕ್ಕೂ ನೇರ ಸಂಬಂಧವಿದೆ. ಇನ್ನು, ಮೊದಲೇ ರಕ್ತ ಕಡಿಮೆ ಇರುವ ಹೆಂಗಸು ಅಲ್ಪ ರಕ್ತ ಹೋದರೂ ತಡೆದುಕೊಳ್ಳಲಾರಳು. ರಕ್ತಹೀನತೆಯ ಅಂಕಿ ಕಳವಳ ತರುವುದು ಈ ಕಾರಣಕ್ಕೆ.

ಮೂರನೆಯ ವಿಳಂಬದ ಜೊತೆಗೆ ಗುಣಮಟ್ಟದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟರು. ಅವರಿಗೆ ಏರಿಸಿದ್ದ ದ್ರಾವಣದ ಗುಣಮಟ್ಟದ ಬಗೆಗೇ ಶಂಕೆ ಎದ್ದಿತು. ರಾಜ್ಯದಾದ್ಯಂತ ತಾಯಂದಿರ ಸಾವಿನ ಬಗ್ಗೆ ಚರ್ಚೆ ನಡೆಯಿತು. ಆ ತಾಯಂದಿರ ಮನೆಯವರು ತಡಮಾಡಿರಲಿಲ್ಲ, ಆಸ್ಪತ್ರೆಗೇ ಬಂದಿದ್ದರು. ಜನರನ್ನು ಆಸ್ಪತ್ರೆಗೆ ಕರೆತಂದರೆ ಸರ್ಕಾರದ ಕೆಲಸ ಮುಗಿಯುವುದಿಲ್ಲ. ಬಂದವರನ್ನು ಕಾಪಾಡುವ ಹೊಣೆ ಅಲ್ಲಿಂದ ಆರಂಭವಾಗುತ್ತದೆ.

ಬಸುರಿಯಾದಾಗ ಮಾಡಬೇಕಾದದ್ದು

ಮುಟ್ಟು ನಿಂತದ್ದು ತಿಳಿದ ಕೂಡಲೇ ಆಶಾ ಅಥವಾ ನರ್ಸಮ್ಮನ ಬಳಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಮೂರು ತಿಂಗಳೊಳಗೆ ನೋಂದಣಿಯಾದರೆ ಒಳ್ಳೆಯದು. 'ಮೊದಲ ಮೂರು ತಿಂಗಳು ಯಾರಿಗೂ ಹೇಳಬಾರದು' ಎಂಬ ಪದ್ಧತಿ ಹಲವು ಮನೆಗಳಲ್ಲಿದೆ. ಊರಿಗೆಲ್ಲ ಹೇಳಬೇಕಾಗಿಲ್ಲ, ನರ್ಸಮ್ಮನಿಗೆ ಹೇಳಿದರೆ ಸಾಕು.

ಹೆರಿಗೆಗೆ ಮೊದಲು ಕನಿಷ್ಠ ನಾಲ್ಕು ಬಾರಿ ತಪಾಸಣೆ ಆಗಲೇಬೇಕು. ಪ್ರತಿ ಸಲವೂ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ ಮತ್ತು ಹೊಟ್ಟೆಯ ಪರೀಕ್ಷೆ ಆಗಬೇಕು. 2016ರಲ್ಲಿ ಆರಂಭವಾದ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಕೇಂದ್ರಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ಗೊತ್ತುಮಾಡಲಾಗಿದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಮಟ್ಟ. ಆಗ ಮಾತ್ರೆ ಸಾಲದು, ಆಸ್ಪತ್ರೆಯ ಚಿಕಿತ್ಸೆಯೇ ಬೇಕು. ರಕ್ತದೊತ್ತಡ 140/90 ಮುಟ್ಟಿದರೆ ಅದನ್ನೂ ಕಡೆಗಣಿಸುವಂತಿಲ್ಲ.

ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಿಣಿಯಾಗಿದ್ದಾಗ 180 ದಿನ, ಹೆರಿಗೆಯಾದ ಮೇಲೆ 180 ದಿನ ಸೇವಿಸಬೇಕು. ಇದನ್ನು ತಂದು ಗೂಡಿನಲ್ಲಿಟ್ಟು ಮರೆಯುವವರೇ ಹೆಚ್ಚು. 'ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ' ಎಂಬುದು ಸಾಮಾನ್ಯ ದೂರು. ಮಲ ಕಪ್ಪಗಾಗುವುದು ತೊಂದರೆಯಲ್ಲ. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಕಾಫಿ, ಟೀ ಜೊತೆಗೂ, ಸುಣ್ಣಾಂಶದ ಮಾತ್ರೆಯ ಜೊತೆಗೂ ಇದನ್ನು ತೆಗೆದುಕೊಳ್ಳಬಾರದು. ಅವು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ನಿಂಬೆಹಣ್ಣು, ನೆಲ್ಲಿಕಾಯಿ ಹತ್ತಿಸುತ್ತವೆ.

ಆಹಾರದ ವಿಷಯದಲ್ಲಿ ನಮ್ಮ ಸೀಮೆ ಬಡದಲ್ಲ. ರಾಗಿ, ಹುರುಳಿ, ಅವರೆ, ಕಡಲೇಕಾಯಿ, ಹೊಲದ ಬದುವಿನ ಸೊಪ್ಪು, ಮೊಟ್ಟೆ, ಹಾಲು ಎಲ್ಲವೂ ಇಲ್ಲಿವೆ. ಕೊರತೆಯಿರುವುದು ಪಾಲಿನಲ್ಲಿ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಬಸುರಿ ಉಣ್ಣುವ ಪದ್ಧತಿ ಹೋಗಬೇಕು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿಯೇ ಬಿಸಿಯೂಟ ಬಡಿಸಲು ಹೊರಟದ್ದು ಈ ಕಾರಣದಿಂದಲೇ. ಮನೆಗೆ ಕೊಟ್ಟ ಪದಾರ್ಥ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಎಲೆಯ ಮುಂದೆ ಕೂತರೆ ಅವಳೇ ಉಣ್ಣುತ್ತಾಳೆ. ಆದರೆ ತುಂಬು ಬಸುರಿ ದಿನವೂ ದೂರ ನಡೆದು ಬರುವುದು, ಬಾಣಂತಿ ಹೊಸ್ತಿಲು ದಾಟುವುದು ಕಷ್ಟವೆಂಬ ತೊಡಕೂ ಇದರಲ್ಲಿ ಕಂಡುಬಂತು.

ಈ ಜಿಲ್ಲೆಯವರು ನೀರಿನ ಕಡೆಗೂ ಗಮನ ಕೊಡಬೇಕು. ಇಲ್ಲಿನ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಬೆಳೆಯುವ ಮಕ್ಕಳ ಹಲ್ಲು, ಮೂಳೆಗೆ ಹಾನಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಿಸಿದ ನೀರನ್ನೇ ಕುಡಿಯಲು, ಅಡುಗೆಗೆ ಬಳಸಬೇಕು.

ತವರಿಗೆ ಹೋಗುವ ಮುನ್ನ

ಗಡಿ ಭಾಗಕ್ಕೆ ವಿಶೇಷವಾದ ಒಂದು ವಿಷಯವಿದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮ ಸಂಪ್ರದಾಯ. ಗೌರಿಬಿದನೂರು ಸೀಮೆಯಲ್ಲಿ ತವರು ಕರ್ನಾಟಕದಲ್ಲಿ, ಅತ್ತೆಮನೆ ಆಂಧ್ರದಲ್ಲಿ ಇರುವುದು, ಇಲ್ಲವೇ ಅದು ತಿರುವುಮುರುವಾಗಿರುವುದು ಸಾಮಾನ್ಯ. ಮನೆಮಾತು ತೆಲುಗು, ಶಾಲೆಯ ಭಾಷೆ ಕನ್ನಡ. ಏಳು ತಿಂಗಳವರೆಗೆ ಒಂದು ರಾಜ್ಯದ ನರ್ಸಮ್ಮ ನೋಡಿಕೊಂಡ ಹೆಣ್ಣುಮಗಳು ಎಂಟನೇ ತಿಂಗಳಿಗೆ ಇನ್ನೊಂದು ರಾಜ್ಯದಲ್ಲಿರುತ್ತಾಳೆ. ಕಳುಹಿಸಿದವರ ಪಟ್ಟಿಯಿಂದ ಹೆಸರು ಬಿಡುತ್ತದೆ, ಬರಮಾಡಿಕೊಂಡವರ ಪಟ್ಟಿಗೆ ಹೆಸರು ಸೇರುವುದಿಲ್ಲ. ಕೊಂಡಿ ಕಳಚುವುದು ಇಲ್ಲಿ.

ಆದ್ದರಿಂದ ಸೀಮಂತದ ಸೀರೆಯ ಜೊತೆಗೆ ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ, ಪರೀಕ್ಷೆಯ ಚೀಟಿಗಳನ್ನು ಚೀಲಕ್ಕೆ ಹಾಕಿ. ಹೊರಡುವ ಮುನ್ನ ಇಲ್ಲಿನ ಆಶಾಗೆ ತಿಳಿಸಿ. ತಲಪಿದ ವಾರದೊಳಗೆ ಅಲ್ಲಿನ ಆಶಾಳನ್ನು ಕಾಣಿ. 108ರ ಸಂಖ್ಯೆ ಎರಡೂ ರಾಜ್ಯಗಳಲ್ಲಿ ಒಂದೇ.

ಬಾಣಂತನ ಮತ್ತು ಕೂಸು

ಹೆರಿಗೆಯಾದ ಮೊದಲ ದಿನ, ಮೊದಲ ವಾರ ತಾಯಿಗೂ ಮಗುವಿಗೂ ಅತಿ ಸೂಕ್ಷ್ಮವಾದ ಕಾಲ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು. ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಬಾರದು. ರೋಗ ತಡೆಯುವ ಶಕ್ತಿ ಇರುವುದು ಅದರಲ್ಲಿ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಜೇನು, ಸಕ್ಕರೆ ನೀರು, ಕತ್ತೆಹಾಲು ಯಾವುದೂ ಬೇಡ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಂಡು ಬೆಚ್ಚಗಿಡಬೇಕು.

ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳವಿದೆ: ವಿಶ್ರಾಂತಿ, ಬೆಚ್ಚಗಿನ ಕೋಣೆ, ತಾಯಿಯ ಆರೈಕೆ. ಬಿಡಬೇಕಾದದ್ದೂ ಇದೆ. ಬಾಣಂತಿಗೆ ನೀರು ಕೊಡದಿರುವುದು, ಸೊಪ್ಪು ತರಕಾರಿ ಬೇಡವೆನ್ನುವುದು, ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದು ಅಂತಹವು. ಹಾಲೂಡುವ ತಾಯಿಗೆ ನೀರೂ ಅನ್ನವೂ ಹೆಚ್ಚೇ ಬೇಕು; ಹೊಗೆಯಿಂದ ಕೂಸಿನ ಎಳೆಯ ಶ್ವಾಸಕೋಶಕ್ಕೆ ತೊಂದರೆ. ಹೆರಿಗೆ ಮಾಡಿಸುತ್ತಿದ್ದ ಹಳೆಯ ಕೈಗಳ ಬಗ್ಗೆ ಅಸಡ್ಡೆ ಬೇಡ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಬಾಣಂತಿಯ ಪಕ್ಕ ಕೂತು ಧೈರ್ಯ ಹೇಳುವ ಅವರ ಗುಣವನ್ನು ಆಸ್ಪತ್ರೆಗಳು ಕಲಿಯಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ 3, 7, 14, 21, 28 ಮತ್ತು 42ನೇ ದಿನಗಳಂದು ಆಶಾ ಮನೆಗೆ ಬಂದು ತಾಯಿ ಮಗುವನ್ನು ನೋಡಬೇಕೆಂಬ ನಿಯಮವಿದೆ. ಅವಳು ಬಾರದಿದ್ದರೆ ಕೇಳಿ. ಬಂದರೆ ಬಾಗಿಲಲ್ಲೇ ನಿಲ್ಲಿಸಬೇಡಿ. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಒಂದೂವರೆ ವರ್ಷದ ಆಸುಪಾಸಿಗೆ ಲಸಿಕೆಗಳಿವೆ. ಕೋಲಾರ ಭಾಗವನ್ನು ಹಿಂದೆ ಕಾಡಿದ ಜಪಾನೀಸ್ ಮಿದುಳು ಜ್ವರಕ್ಕೂ ಈಗ ಲಸಿಕೆ ಇದೆ. ಸಣ್ಣ ಜ್ವರ ಬಂತೆಂದು ಮುಂದಿನ ಲಸಿಕೆ ತಪ್ಪಿಸಬಾರದು. ಭೇದಿಯಾದರೆ ಓ.ಆರ್.ಎಸ್. ಪುಡಿಯ ಒಂದು ಪೊಟ್ಟಣವನ್ನು ಅದರ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಜೊತೆಗೆ ಸತುವಿನ ಮಾತ್ರೆ 14 ದಿನ.

ಕೇಳುವ ಪ್ರಶ್ನೆಗಳು

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಹಣ ಕೊಡಬೇಕೆ?
ಕೊಡಬೇಕಾಗಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೂ ಇದು ಅನ್ವಯಿಸುತ್ತದೆ. ಯಾರಾದರೂ ಹಣ ಕೇಳಿದರೆ ತಾಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ದೂರು ಕೊಡಿ.

ಸಹಾಯಧನ ಯಾವುದಿದೆ?
ಜನನಿ ಸುರಕ್ಷಾ ಯೋಜನೆಯಲ್ಲಿ ಅರ್ಹ ಗ್ರಾಮೀಣ ತಾಯಂದಿರಿಗೆ 700 ರೂಪಾಯಿ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ; ಎರಡನೆಯದು ಹೆಣ್ಣಾದರೆ 6,000. ಹಣ ಬ್ಯಾಂಕ್ ಖಾತೆಗೇ ಬರುವುದರಿಂದ ತಾಯಿಯ ಹೆಸರಿನ ಖಾತೆ ಮೊದಲೇ ಇರಲಿ.

ಯಾವ ಲಕ್ಷಣ ಕಂಡರೆ ಕಾಯಬಾರದು?
ಬಸುರಿಯಲ್ಲಿ: ಯಾವುದೇ ರಕ್ತಸ್ರಾವ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊತ, ಫಿಟ್ಸ್, ಜ್ವರ, ನೀರು ಒಡೆಯುವುದು, ಮಗುವಿನ ಚಲನೆ ಕಡಿಮೆಯಾಗುವುದು. ಬಾಣಂತಿಯಲ್ಲಿ: ಬಟ್ಟೆ ಮೇಲೆ ಬಟ್ಟೆ ತೊಯ್ಯುವ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ. ಕೂಸಿನಲ್ಲಿ: ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ವೇಗದ ಉಸಿರಾಟ, ಎದೆ ಗುಳಿ ಬೀಳುವುದು, ಅಂಗೈ ಅಂಗಾಲು ಹಳದಿಯಾಗುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ಇಬ್ಬರ ಹೊಣೆ

ಈ ವ್ಯವಸ್ಥೆಯ ಭಾರವೆಲ್ಲ ಕೊನೆಗೆ ಬೀಳುವುದು ಹಳ್ಳಿಯ ಕೆಲವು ಹೆಂಗಸರ ಹೆಗಲ ಮೇಲೆ. ಆಶಾ ಕಾರ್ಯಕರ್ತೆಯರು ನಡುರಾತ್ರಿ ಬಸುರಿಯೊಡನೆ ಆಂಬುಲೆನ್ಸ್ ಹತ್ತುತ್ತಾರೆ. ತಮ್ಮ ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಹಗಲಿರುಳು ಧರಣಿ ಕೂರಬೇಕಾಯಿತು. ಅವರಿಗೆ ಹೊತ್ತಿಗೆ ಸರಿಯಾಗಿ ಹಣ, ಕೇಂದ್ರಗಳಿಗೆ ವೈದ್ಯರು, ಔಷಧಿಗೆ ಗುಣಮಟ್ಟ ಒದಗಿಸುವುದು ಸರ್ಕಾರದ ಹೊಣೆ.

ಮನೆಯವರ ಹೊಣೆಯೂ ಚಿಕ್ಕದಲ್ಲ. ಹೆರಿಗೆ ಎಲ್ಲಿ, ಯಾವ ವಾಹನ, ರಕ್ತ ಬೇಕಾದರೆ ಯಾರು ಕೊಡುತ್ತಾರೆ, ಮನೆಯಲ್ಲಿರುವ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಎಂಟನೇ ತಿಂಗಳಿಗೆ ಮುಂಚೆಯೇ ಉತ್ತರ ಸಿದ್ಧವಾಗಿದ್ದರೆ ಮೊದಲ ಎರಡು ವಿಳಂಬಗಳು ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಗಂಡಂದಿರು ಇದನ್ನು ಹೆಂಗಸರ ವಿಷಯವೆಂದು ದೂರ ನಿಲ್ಲಬಾರದು. ಅತ್ತೆಯವರು 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ' ಎನ್ನುವಾಗ, ಅವರ ಕಾಲದಲ್ಲಿ ಎಷ್ಟು ತೊಟ್ಟಿಲು ಬರಿದಾದವು ಎಂಬುದನ್ನೂ ನೆನೆಯಲಿ.

ವಿದುರಾಶ್ವತ್ಥಕ್ಕೆ ಹರಕೆ ತೀರಿಸಲು ಬರುವವರು ಮಗುವನ್ನು ಎತ್ತಿಕೊಂಡು ಬರುತ್ತಾರೆ. ಆ ಮಗುವಿನ ಲಸಿಕೆಯ ಕಾರ್ಡಿನಲ್ಲಿ ಒಂದು ಮನೆಯೂ ಖಾಲಿ ಇಲ್ಲದಿರಲಿ, ಅದನ್ನು ಎತ್ತಿಕೊಂಡಿರುವ ಕೈ ಹೆತ್ತ ತಾಯಿಯದೇ ಆಗಿರಲಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಈಗ ಬಸುರಿಯೊಬ್ಬಳಿದ್ದರೆ, ಅವಳ ತಾಯಿ ಕಾರ್ಡಿನಲ್ಲಿ ಮುಂದಿನ ತಪಾಸಣೆಯ ದಿನಾಂಕ ಯಾವುದೆಂದು ಇಂದೇ ಕೇಳಿ.